ಸರ್ಕಲ್‌ಗೆ ಹೆಸರಿದೆ, ಸ್ಟೇಜ್‌ಗೆ ನಂಬರಷ್ಟೇ

ಮೈಸೂರಿಗರು ದಿನಬೆಳಗಾದರೆ ಆಡುವ ಎರಡು ಇಂಗ್ಲಿಷ್ ಪದಗಳು ಸರ್ಕಲ್ ಮತ್ತು ಸ್ಟೇಜ್. ಒಂದು ದುಂಡಗಿನ ಗೆರೆ, ಇನ್ನೊಂದು ರಂಗಸ್ಥಳ ಅಥವಾ ಹಂತ; ಮೂಲದಲ್ಲಿ ಸಂಬಂಧವೇ ಇಲ್ಲದ ಇವೆರಡೂ ಇಲ್ಲಿ ವಿಳಾಸದ ಮಾತಾಗಿವೆ. ಆದರೆ ಸರ್ಕಲ್ ಊರಿನ ಪದವಾಯಿತು, ಸ್ಟೇಜ್ ಕಚೇರಿಯ ಕಡತದ ಪದವಾಗಿಯೇ ಉಳಿಯಿತು. ಕೆ.ಆರ್. ಸರ್ಕಲ್ ಅಂದರೆ ಮಂಟಪದಡಿ ನಿಂತ ನಾಲ್ವಡಿ ಕೃಷ್ಣರಾಜ ಒಡೆಯರು ಕಣ್ಮುಂದೆ ಬರುತ್ತಾರೆ. ರಾಮಸ್ವಾಮಿ ಸರ್ಕಲ್ ಎಂಬ ಹೆಸರಿನಲ್ಲಿ 1947ರ ಮೈಸೂರು ಚಲೋ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ನೆನಪಿದೆ. ಹಾರ್ಡಿಂಜ್ ಸರ್ಕಲ್ಲಿನಲ್ಲಿ ಜಯಚಾಮರಾಜ ಒಡೆಯರ ಪ್ರತಿಮೆ ನಿಂತು ಹೆಸರು ಬದಲಾದರೂ ಹಳೆಯ ವೈಸ್‌ರಾಯ್ ಹೆಸರು ಜನರ ಬಾಯಿಂದ ಅಳಿದಿಲ್ಲ. ನಾಲ್ಕು ರಸ್ತೆ ಕೂಡಿದರೆ ಸಾಕು, ದುಂಡನೆಯ ಕಟ್ಟೆ ಇರಲಿ ಬಿಡಲಿ, ನಮಗದು ಸರ್ಕಲ್ಲೇ.

ವಿಜಯನಗರ ಎರಡನೇ ಸ್ಟೇಜ್, ಮೂರನೇ ಸ್ಟೇಜ್, ನಾಲ್ಕನೇ ಸ್ಟೇಜ್ ಎನ್ನುವಾಗ ಬಡಾವಣೆ ಬೆಳೆದ ಸರದಿ ತಿಳಿಯುತ್ತದೆ, ಅಷ್ಟೇ. ಬೋರ್ಡಿನಲ್ಲಿ ‘ಹಂತ’ ಎಂದು ಬರೆಸಿ ಕನ್ನಡ ಉಳಿಸಿದೆವು ಎಂದುಕೊಳ್ಳುವುದನ್ನು ನಾನು ಒಪ್ಪಲಾರೆ. ಮೊಹಲ್ಲಾ ಕೂಡ ಅರಬ್ಬಿಯಿಂದ ಬಂದ ಪದ. ಆದರೂ ಲಷ್ಕರ್ ಮೊಹಲ್ಲಾದಲ್ಲಿ ದಂಡಿನ ನೆನಪಿದೆ, ಮಂಡಿ ಮೊಹಲ್ಲಾದಲ್ಲಿ ವ್ಯಾಪಾರದ ನೆನಪಿದೆ; ಇವು ಪರಭಾಷೆಯವೆಂದು ಇಲ್ಲಿ ಯಾರಿಗೂ ಅನ್ನಿಸುವುದಿಲ್ಲ. ಎರವಲು ಪದದ ಜೊತೆಗೊಂದು ಹೆಸರು ಸೇರಿದರೆ ಅದು ನೆಲ ಕಚ್ಚಿಕೊಳ್ಳುತ್ತದೆ. ಅಂಕಿ ಮಾತ್ರ ಸೇರಿದರೆ ಅನುವಾದಿಸಿಯೂ ಉಪಯೋಗವಿಲ್ಲ.

ಅಂಕಿಯಿಂದ ಮನೆ ಹುಡುಕುವುದು ಸುಲಭ ಎಂಬ ಮಾತು ನಿಜ. ಅಂಚೆಯವರಿಗೆ, ಆಂಬುಲೆನ್ಸಿಗೆ ಅದು ಬೇಕು. ಹಾಗಾಗಿ ಮನೆ ನಂಬರು, ಕ್ರಾಸ್, ಮೇನ್ ಹಾಗೇ ಇರಲಿ. ಸ್ಟೇಜ್ ನಂಬರಿನ ಬದಲು ಬಡಾವಣೆಗೆ ಒಂದು ಹೆಸರಿಟ್ಟ ಮಾತ್ರಕ್ಕೆ ಅವು ಕೆಡುವುದಿಲ್ಲ. ಹೆಸರಿಡಲು ಹೊರಟರೆ ಜಾತಿ, ಪಕ್ಷಗಳ ಜಗಳ ಶುರುವಾಗುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಆ ಭಯ ಇರುವುದರಿಂದಲೇ ವ್ಯಕ್ತಿಗಳ ಹೆಸರು ಬಿಟ್ಟು ನೆಲದ ಹೆಸರಿಗೆ ಹೋಗಬೇಕು. ಹಿನಕಲ್, ಬೋಗಾದಿ, ದಟ್ಟಗಳ್ಳಿ, ಹೂಟಗಳ್ಳಿಗಳನ್ನು ನಗರ ಒಳಗೆ ಎಳೆದುಕೊಂಡರೂ ಆ ಹೆಸರುಗಳು ಬದುಕಿವೆ. ಹೊಸ ಬಡಾವಣೆಗೆ ಜಮೀನು ಕೊಟ್ಟ ಹಳ್ಳಿಗೊಂದು ಹೆಸರಿರುತ್ತದೆ, ಅದರ ಕೆರೆಗೊಂದು ಹೆಸರಿರುತ್ತದೆ. ಅಭಿವೃದ್ಧಿ ಪ್ರಾಧಿಕಾರ ನಕ್ಷೆಗೆ ಮಂಜೂರಾತಿ ಕೊಡುವ ದಿನವೇ, ನಿವೇಶನ ಹಂಚುವ ಮೊದಲೇ, ಆ ಹೆಸರನ್ನು ನಕ್ಷೆಯ ಮೇಲೆ ಬರೆಯಬೇಕು. ಜನ ನಂಬರಿಗೆ ಒಗ್ಗಿಹೋದ ಮೇಲೆ ಬದಲಿಸುವುದು ಕಷ್ಟ.