ಹರಿಗೋಲಿನ ಆರೈಕೆ ದಡದಲ್ಲೇ

ಬೇಸಿಗೆ ಬಲಿತಂತೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ಹಿನ್ನೀರು ಹಿಂದೆ ಹಿಂದೆ ಸರಿಯುತ್ತದೆ. ನೀರು ಚೆನ್ನಾಗಿ ಇಳಿದ ವರ್ಷಗಳಲ್ಲಿ ಹುನ್ನೂರಿನ ಹಳೆಯ ವಿಠ್ಠಲ ದೇವಾಲಯ ಮುಳುಗಡೆಯಿಂದ ಮೇಲೆದ್ದು ಕಾಣಿಸುತ್ತದೆ. ಅದನ್ನು ನೋಡಲು ಊರೂರುಗಳಿಂದ ಜನ ಬರುತ್ತಾರೆ. ಆದರೆ ದಡದಲ್ಲಿ ಬೋರಲು ಹಾಕಿದ ಹರಿಗೋಲನ್ನು ಯಾರೂ ನಿಂತು ನೋಡುವುದಿಲ್ಲ. ದೊಡ್ಡದೊಂದು ಬುಟ್ಟಿ, ಮೈಗೆಲ್ಲ ಡಾಂಬರು, ಅಲ್ಲಲ್ಲಿ ತೇಪೆ, ಅದರಲ್ಲಿ ನೋಡುವಂಥದ್ದೇನಿದೆ?

ಇದೆ. ಹೈಸ್ಕೂಲಿನ ವಿಜ್ಞಾನ ಪುಸ್ತಕದ ಅರ್ಧದಷ್ಟು ಪಾಠಗಳು ಆ ಬುಟ್ಟಿಯಲ್ಲಿವೆ. ಅದಕ್ಕಿಂತ ಮುಖ್ಯವಾಗಿ, ಮಳೆಗಾಲದಲ್ಲಿ ಅದರೊಳಗೆ ಕೂರುವವರ ಜೀವ ಉಳಿಯುವುದೋ ಹೋಗುವುದೋ ಎಂಬುದು ಬಹುಮಟ್ಟಿಗೆ ಈ ಬೇಸಿಗೆಯಲ್ಲಿ, ಈ ದಡದ ಮೇಲೆ ತೀರ್ಮಾನವಾಗುತ್ತದೆ. ದೋಣಿ ಮಗುಚುವುದು ನೀರಿನಲ್ಲಿ. ಆದರೆ ಮಗುಚುವ ಕಾರಣ ಹುಟ್ಟುವುದು ಹೆಚ್ಚಾಗಿ ನೆಲದ ಮೇಲೆ.

ಹಳೆಯ ವಿದ್ಯೆ

ಪಾಶ್ಚಾತ್ಯ ದೇಶಗಳಲ್ಲಿ ಚಿಕ್ಕ ಹಾಯಿದೋಣಿಗಳನ್ನು ಕಾರಿನ ಹಿಂದೆ ಗಾಲಿಬಂಡಿಗೆ ಕಟ್ಟಿ ಕೆರೆಯಿಂದ ಕೆರೆಗೆ ಒಯ್ಯುವ ರೂಢಿಯಿದೆ. ನಮ್ಮ ಹರಿಗೋಲಿಗೆ ಗಾಲಿಬಂಡಿಯೂ ಬೇಡ. ಚಿಕ್ಕದಾದರೆ ಒಬ್ಬನೇ ತಲೆಯ ಮೇಲೆ ಹೊತ್ತು ನಡೆಯಬಹುದು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಮೀನುಗಾರರೂ ಇಂಥದೇ ಬುಟ್ಟಿದೋಣಿಯನ್ನು ಆಮೆಯ ಚಿಪ್ಪಿನಂತೆ ಬೆನ್ನಿಗೆ ಹೊತ್ತು ಹೊಳೆಗೆ ಹೋಗುತ್ತಿದ್ದರು. ಇರಾಕಿನ ಟೈಗ್ರಿಸ್ ನದಿಯ ‘ಕುಫ್ಫ’ ಎಂಬ ಗುಂಡು ದೋಣಿಗೂ ಡಾಂಬರಿನ ಲೇಪವೇ. ಎರಡೂವರೆ ಸಾವಿರ ವರ್ಷಗಳ ಹಿಂದೆ ಬಾಬಿಲೋನಿನ ಚರ್ಮದ ದೋಣಿಗಳ ಬಗ್ಗೆ ಬರೆದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಒಂದು ಸ್ವಾರಸ್ಯ ಹೇಳುತ್ತಾನೆ. ದೋಣಿಯಲ್ಲಿ ಸರಕಿನ ಜೊತೆ ಒಂದು ಕತ್ತೆಯೂ ಇರುತ್ತಿತ್ತಂತೆ. ಊರು ಮುಟ್ಟಿದ ಮೇಲೆ ವ್ಯಾಪಾರಿಗಳು ಸರಕನ್ನೂ ದೋಣಿಯ ಹಂದರವನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ನೆಲದ ದಾರಿಯಲ್ಲಿ ಮನೆಗೆ ಮರಳುತ್ತಿದ್ದರಂತೆ.

ಕನ್ನಡ ನಾಡಿನಲ್ಲೂ ಇದು ಹಳೆಯ ವಿದ್ಯೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತುಂಗಭದ್ರೆಯನ್ನು ಜನ ಚರ್ಮ ಹೊದಿಸಿದ ಬುಟ್ಟಿಗಳಲ್ಲಿ ದಾಟುವುದನ್ನು ವರ್ಣಿಸಿದ್ದಾನೆ. ಇಂದು ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಗೊಬ್ಬರದ ಚೀಲಗಳ ಹೊದಿಕೆ, ಅದರ ಮೇಲೆ ಡಾಂಬರು. ಮೀನುಗಾರಿಕೆ ಇಲಾಖೆ ವಿತರಿಸುವ ಫೈಬರ್ ಗ್ಲಾಸ್ ಹರಿಗೋಲುಗಳೂ ಬಂದಿವೆ. ವಸ್ತು ಬದಲಾದರೂ ಆಕಾರ ಬದಲಾಗಲಿಲ್ಲ, ಅಪಾಯವೂ ಬದಲಾಗಲಿಲ್ಲ.

ಮೂವರು ಶತ್ರುಗಳು

ಹರಿಗೋಲಿಗೆ ಶತ್ರುಗಳು ಮೂವರು: ಬಿಸಿಲು, ತೇವ ಮತ್ತು ಹುಳು.

ಬಿಸಿಲಿನ ಅತಿನೇರಳೆ ಕಿರಣಗಳು ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳನ್ನು ತುಂಡರಿಸುತ್ತವೆ. ನಾಲ್ಕಾರು ತಿಂಗಳು ಬಯಲಿನಲ್ಲಿ ಬಿದ್ದ ಗೊಬ್ಬರದ ಚೀಲ ಕೈಯಲ್ಲಿ ಹಿಡಿದರೆ ಪುಡಿಯಾಗುವುದನ್ನು ರೈತರ ಮನೆಯ ಮಕ್ಕಳು ನೋಡಿಯೇ ಇರುತ್ತಾರೆ. ಹರಿಗೋಲಿನ ಹೊದಿಕೆಗೂ ಅದೇ ಗತಿ. ಡಾಂಬರಿನ ಕಪ್ಪು ಲೇಪ ಕಿರಣಗಳನ್ನು ತಡೆದು ಒಳಗಿನ ಹಾಳೆಯನ್ನು ಕಾಯುತ್ತದೆ. ಆ ಲೇಪ ಬಿರುಕುಬಿಟ್ಟಲ್ಲಿ ಹಾಳೆಯೂ ಬೇಗ ಸಾಯುತ್ತದೆ. ಆದ್ದರಿಂದ ಕೆಲಸ ಮುಗಿದ ಮೇಲೆ ಹರಿಗೋಲು ನೆರಳಿಗೆ ಬರಬೇಕು. ಮರದ ನೆರಳಾದೀತು, ಜೋಳದ ಕಣಿಕೆಯ ಹೊದಿಕೆಯೂ ಆದೀತು.

ಎರಡನೆಯದು ತೇವ. ಹರಿಗೋಲನ್ನು ಬೋರಲು ಹಾಕಿ ನೇರ ನೆಲಕ್ಕೆ ತಾಗಿಸಿಟ್ಟರೆ ಅಂಚಿನ ಬಿದಿರು ಮಣ್ಣಿನ ಪಸೆ ಹೀರಿ ಕೊಳೆಯುತ್ತದೆ, ಗೆದ್ದಲೂ ಹತ್ತುತ್ತದೆ. ಅಂಚೇ ಹರಿಗೋಲಿನ ನಡುಪಟ್ಟಿ. ಅದು ಸಡಿಲವಾದರೆ ಇಡೀ ಬುಟ್ಟಿ ಹಿಗ್ಗುತ್ತದೆ. ನಾಲ್ಕು ಕಡೆ ಗೇಣೆತ್ತರದ ಕಲ್ಲಿಟ್ಟು ಅದರ ಮೇಲೆ ಬೋರಲು ಹಾಕಿದರೆ ಗಾಳಿಯಾಡಿ ಒಳಮೈ ಒಣಗುತ್ತದೆ. ಖರ್ಚಿಲ್ಲದ ಈ ನಾಲ್ಕು ಕಲ್ಲುಗಳಷ್ಟು ಹರಿಗೋಲಿನ ಆಯುಷ್ಯ ಹೆಚ್ಚಿಸುವ ಉಪಾಯ ಬೇರೊಂದಿಲ್ಲ.

ಮೂರನೆಯದು ಬಿದಿರು ಕೊರೆಯುವ ಹುಳು. ಅದಕ್ಕೆ ಬೇಕಾದದ್ದು ಬಿದಿರಿನೊಳಗಿನ ಪಿಷ್ಟ. ಎಳೆ ಬಿದಿರನ್ನು ಹಾಗೆಯೇ ಸೀಳಿ ಹೆಣೆದರೆ ಹುಳುವಿಗೆ ಹಬ್ಬ. ಮೂರು ನಾಲ್ಕು ವರ್ಷ ಬಲಿತ ಬಿದಿರನ್ನು ಕಡಿದು ಕೆಲವು ವಾರ ನೀರಿನಲ್ಲಿ ನೆನೆಹಾಕಿ ನೆರಳಲ್ಲಿ ಒಣಗಿಸುವ ಹಿರಿಯರ ಪದ್ಧತಿಗೆ ಇದೇ ಕಾರಣ. ನೆನೆದ ಬಿದಿರಿನಿಂದ ಪಿಷ್ಟ, ಸಕ್ಕರೆ ಬಹುಪಾಲು ಕರಗಿ ಹೋಗುತ್ತವೆ. ಬಿದಿರಿನಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಆ ಸೀಳನ್ನು ಬದಲಿಸುವುದೇ ಸರಿ.

ತೇಪೆ ಹಾಕುವ ಕ್ರಮ

ಸಣ್ಣ ತೂತಿನ ಬಗ್ಗೆ ಯಾರಿಗೂ ಭಯವಿಲ್ಲ. ಲೆಕ್ಕ ಹಾಕಿದರೆ ಭಯ ಹುಟ್ಟುತ್ತದೆ. ನೀರಿನ ಮಟ್ಟದಿಂದ 15 ಸೆಂ.ಮೀ. ಕೆಳಗೆ ಕೇವಲ 5 ಮಿ.ಮೀ. ಅಗಲದ ತೂತಿದ್ದರೆ ಗಂಟೆಗೆ ಸುಮಾರು 70 ಲೀಟರ್ ನೀರು, ಅಂದರೆ ಐದು ಕೊಡಗಳಷ್ಟು, ಒಳಗೆ ಬರುತ್ತದೆ. ಒಂದು ಪೆನ್ಸಿಲ್ ಕೂಡ ತೂರದ ತೂತು ಅದು!

ತೂತು ಹುಡುಕುವುದು ಸುಲಭ. ಹರಿಗೋಲನ್ನು ಬಿಸಿಲಿಗೆ ಎತ್ತಿ ಹಿಡಿದು ಒಳಗಿನಿಂದ ನೋಡಿದರೆ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಅವುಗಳಿಗೆ ಸುಣ್ಣದ ಗುರುತು ಹಾಕಬೇಕು. ತೇಪೆ ಯಾವಾಗಲೂ ಹೊರಮೈಗೆ ಬೀಳಬೇಕು. ಹೊರಗಿನ ನೀರಿನ ಒತ್ತಡ ಹೊರತೇಪೆಯನ್ನು ಮೈಗೆ ಅದುಮಿ ಹಿಡಿಯುತ್ತದೆ. ಒಳತೇಪೆಯನ್ನಾದರೋ ಅದೇ ಒತ್ತಡ ತಳ್ಳಿ ಕೀಳುತ್ತದೆ. ತೇಪೆ ತೂತಿನ ಸುತ್ತ ನಾಲ್ಕು ಬೆರಳಿನಷ್ಟಾದರೂ ಚಾಚಿರಲಿ. ಮೂಲೆಗಳನ್ನು ದುಂಡಗೆ ಕತ್ತರಿಸಬೇಕು, ಏಕೆಂದರೆ ತೇಪೆ ಏಳಲು ಆರಂಭವಾಗುವುದು ಚೂಪು ಮೂಲೆಯಿಂದ. ಮೈ ಪೂರ್ತಿ ಒಣಗಿರಬೇಕು, ಧೂಳು ಒರೆಸಿರಬೇಕು. ಹಸಿ ಮೈಗೆ ಬಳಿದ ಡಾಂಬರು ಅಂಟಿದಂತೆ ಕಂಡರೂ ಕೆಳಗೆ ನೀರಿನ ಪದರ ಉಳಿದು ಸಿಪ್ಪೆಯಂತೆ ಏಳುತ್ತದೆ.

ಡಾಂಬರು ಕಾಯಿಸುವುದು ದೊಡ್ಡವರ ಕೆಲಸ, ಮಕ್ಕಳು ದೂರವಿರಬೇಕು. ಕಾದ ಡಾಂಬರಿನ ಉಷ್ಣತೆ ಕುದಿಯುವ ನೀರಿಗಿಂತ ಬಹಳ ಹೆಚ್ಚು. ಅದರಲ್ಲಿ ಒಂದು ತೊಟ್ಟು ನೀರು ಬಿದ್ದರೂ ತಟ್ಟನೆ ಆವಿಯಾಗಿ ಡಾಂಬರನ್ನು ಎರಚುತ್ತದೆ. ಬೆಂಕಿ ಹತ್ತಿದರೆ ನೀರು ಹಾಕದೆ ಮುಚ್ಚಳ ಮುಚ್ಚಬೇಕು, ಮರಳು ಸುರಿಯಬೇಕು. ಚರ್ಮಕ್ಕೆ ಸಿಡಿದರೆ ತಣ್ಣೀರಿನ ಧಾರೆಯಲ್ಲಿ ಇಪ್ಪತ್ತು ನಿಮಿಷ ಹಿಡಿದು ಆಸ್ಪತ್ರೆಗೆ ಹೋಗಬೇಕೇ ವಿನಾ ಡಾಂಬರನ್ನು ಕಿತ್ತು ತೆಗೆಯಬಾರದು.

ನಾಲ್ಕು ಸಣ್ಣ ಸುಧಾರಣೆಗಳು

ಇನ್ನು ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಕೆಲವು ಬದಲಾವಣೆಗಳು.

ಮೊದಲನೆಯದು ನೆಲಹಾಸು. ದೊಡ್ಡ ದೋಣಿಗಳಿಗೆ ಹಲಗೆಯ ಅಟ್ಟ ಇರುತ್ತದೆ, ಹರಿಗೋಲಿಗೆ ಇರುವುದಿಲ್ಲ. ಕೂತವರ ಹಿಮ್ಮಡಿ ನೇರವಾಗಿ ಹೆಣಿಗೆಯನ್ನೇ ತುಳಿಯುತ್ತದೆ. 60 ಕಿಲೋ ತೂಕದವನು 30 ಚದರ ಸೆಂ.ಮೀ.ನ ಹಿಮ್ಮಡಿಯ ಮೇಲೆ ನಿಂತರೆ ಪ್ರತಿ ಚದರ ಸೆಂ.ಮೀ.ಗೆ 2 ಕಿಲೋ ಭಾರ. ಅದೇ ಭಾರ ಬಿದಿರಿನ ತಟ್ಟಿಯ ಮೂಲಕ 1,500 ಚದರ ಸೆಂ.ಮೀ.ಗೆ ಹಂಚಿಹೋದರೆ ಒತ್ತಡ ಐವತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ತಟ್ಟಿ ಎರಡು ಹೋಳಾಗಿರಲಿ. ಮೊಳೆ ಹೊಡೆಯದೆ ಹಗ್ಗದಿಂದ ಕಟ್ಟಿದರೆ ಎತ್ತಿ ತಳ ಪರೀಕ್ಷಿಸಬಹುದು. ಹರಿಗೋಲಿನೊಳಗೆ ಮೊಳೆಗೆ ಜಾಗವೇ ಇಲ್ಲ.

ಎರಡನೆಯದು ಅಂಚಿನ ಸುತ್ತ ಹೊರಗಡೆ ತೋರಣದಂತೆ ಇಳಿಬಿಟ್ಟ ಹಗ್ಗ. ನೀರಿಗೆ ಬಿದ್ದವನಿಗೆ ಗುಂಡು ಅಂಚು ಕೈಗೆ ಸಿಗುವುದಿಲ್ಲ. ಅದನ್ನೇ ಜಗ್ಗಿದರೆ ಹರಿಗೋಲೂ ಮಗುಚುತ್ತದೆ. ಕೆಳಗೆ ಇಳಿಬಿದ್ದ ಹಗ್ಗ ಹಿಡಿದು ಸಹಾಯ ಬರುವವರೆಗೆ ತೇಲಬಹುದು. ತೆಂಗಿನ ನಾರಿನ ಹಗ್ಗ ಕೊಳೆಯುತ್ತದೆ, ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ. ಯಾವುದೇ ಆದರೂ ಪ್ರತಿ ಮಳೆಗಾಲಕ್ಕೆ ಮುಂಚೆ ಜಗ್ಗಿ ನೋಡಲೇಬೇಕು.

ಮೂರನೆಯದು ಖಾಲಿ ಡಬ್ಬಿಗಳು. ಬಿರಡೆ ಬಿಗಿಯಾಗಿರುವ ಐದು ಲೀಟರಿನ ಎಣ್ಣೆಯ ಕ್ಯಾನುಗಳನ್ನು ಅಂಚಿನ ಕೆಳಗೆ ಒಳಭಾಗದಲ್ಲಿ ಸಮ ಅಂತರದಲ್ಲಿ ಕಟ್ಟಬಹುದು. ಮುಳುಗಿದಾಗ ಒಂದೊಂದೂ ಸುಮಾರು 5 ಕಿಲೋದಷ್ಟು ಮೇಲೆತ್ತುತ್ತದೆ. ಮನುಷ್ಯನ ದೇಹ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರ. ಆದ್ದರಿಂದ ತಲೆ ಮೇಲಿರಲು ಏಳೆಂಟು ಕಿಲೋ ಆಸರೆ ಸಾಕು. ಕ್ಯಾನುಗಳು ತಳದಲ್ಲಿರದೆ ಅಂಚಿನ ಬಳಿ ಇರಬೇಕು. ತಳದಲ್ಲಿದ್ದರೆ ನೀರು ತುಂಬಿದ ಹರಿಗೋಲನ್ನು ಅವೇ ಮಗುಚಿಹಾಕುತ್ತವೆ. ಇವು ಜೀವರಕ್ಷಕ ಕವಚಕ್ಕೆ ಬದಲಿಯಲ್ಲ, ಅದರ ಜೊತೆಗೆ ಇರಬೇಕಾದವು. ನೀರು ಚೆಲ್ಲುವ ಡಬ್ಬಿ ಹಾಗೂ ಇನ್ನೊಂದು ಹುಟ್ಟನ್ನು ದಾರದಿಂದ ಕಟ್ಟಿಟ್ಟರೆ ಗಡಿಬಿಡಿಯಲ್ಲಿ ತೇಲಿಹೋಗುವುದಿಲ್ಲ.

ನಾಲ್ಕನೆಯದು ಹೊರಮೈಯ ಮೇಲೊಂದು ಬಿಳಿ ಗೆರೆ. ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬಾತ, ಅತಿಭಾರ ಹೇರಿ ನಾವಿಕರನ್ನು ಸಾಯಿಸುವ ಹಡಗು ಮಾಲೀಕರ ವಿರುದ್ಧ ಹೋರಾಡಿ 1876ರಲ್ಲಿ ಹಡಗುಗಳಿಗೆ ಭಾರದ ಗೆರೆ ಕಡ್ಡಾಯವಾಗುವಂತೆ ಮಾಡಿದ. ಗೆರೆ ಮುಳುಗಿದರೆ ಭಾರ ಹೆಚ್ಚಾಯಿತೆಂದು ಅರ್ಥ. ಅಂಬಿಗನ ಮಾತು ಕೇಳದವರೂ ಗೆರೆಯ ಮಾತು ಕೇಳಬಹುದು.

ಹಾಯಿ ಕಟ್ಟಿದರೆ ಹೇಗೆಂದು ಜಾಣ ವಿದ್ಯಾರ್ಥಿಗಳು ಕೇಳಿಯಾರು. ಅದು ಬೇಡ. ಹಾಯಿದೋಣಿಗೆ ನೀರೊಳಗೆ ಇಳಿದ ಅಡಿಹಲಗೆ ಇರುತ್ತದೆ; ಅದು ಪಕ್ಕಕ್ಕೆ ಜಾರುವುದನ್ನು ತಡೆಯುತ್ತದೆ. ಗುಂಡು ಹರಿಗೋಲಿಗೆ ಅಂಥ ಹಿಡಿತವಿಲ್ಲ. ಗಾಳಿ ಅದನ್ನು ಬುಗುರಿಯಂತೆ ತಿರುಗಿಸಿ ತನಗೆ ಬೇಕಾದತ್ತ ಒಯ್ಯುತ್ತದೆ.

ಭಾರದ ಲೆಕ್ಕ

ನೀರಿನ ಮಟ್ಟದಲ್ಲಿ 160 ಸೆಂ.ಮೀ. ವ್ಯಾಸವಿರುವ ಹರಿಗೋಲಿನ ವಿಸ್ತೀರ್ಣ ಸುಮಾರು 20,000 ಚದರ ಸೆಂ.ಮೀ. ಅದು ಒಂದು ಸೆಂ.ಮೀ. ಇಳಿದರೆ 20 ಲೀಟರ್ ನೀರನ್ನು ಸರಿಸುತ್ತದೆ. ಆರ್ಕಿಮಿಡೀಸನ ತತ್ವದಂತೆ 20 ಕಿಲೋ ಭಾರ ಹೊರುತ್ತದೆ. 60 ಕಿಲೋ ತೂಕದ ಐವರು ಕೂತರೆ 15 ಸೆಂ.ಮೀ. ಇಳಿದೀತು. ಹರಿಗೋಲಿನ ಆಳ 60 ಸೆಂ.ಮೀ. ಇದ್ದರೆ ಇನ್ನೂ ಬೇಕಾದಷ್ಟು ಅಂಚು ಉಳಿದಿದೆಯಲ್ಲ ಎನ್ನಿಸುತ್ತದೆ. ಮೋಸ ಇರುವುದು ಇಲ್ಲೇ. ಐವರೂ ನಡುವೆ ಕೂತಾಗ ಮಾತ್ರ ಈ ಲೆಕ್ಕ ಸರಿ. ಒಬ್ಬ ಎದ್ದು ಅಂಚಿನತ್ತ ಬಾಗಿದರೆ ಗುರುತ್ವ ಕೇಂದ್ರ ಮೇಲಕ್ಕೂ ಪಕ್ಕಕ್ಕೂ ಸರಿದು ಹರಿಗೋಲು ವಾಲುತ್ತದೆ.

ಒಳಗೆ ನೀರಿದ್ದರೆ ಇನ್ನೂ ಕೆಟ್ಟದ್ದು. 140 ಸೆಂ.ಮೀ. ವ್ಯಾಸದ ತಳದಲ್ಲಿ 3 ಸೆಂ.ಮೀ. ನೀರು ನಿಂತರೆ 46 ಲೀಟರಾಯಿತು, ಅಂದರೆ ಒಬ್ಬ ಹೈಸ್ಕೂಲು ವಿದ್ಯಾರ್ಥಿಯ ತೂಕ. ಈ ಅದೃಶ್ಯ ಪ್ರಯಾಣಿಕ ಸುಮ್ಮನೆ ಕೂರುವವನಲ್ಲ. ಹರಿಗೋಲು ಯಾವ ಕಡೆ ವಾಲಿತೋ ಅದೇ ಕಡೆಗೆ ಓಡಿ ಇನ್ನಷ್ಟು ವಾಲಿಸುತ್ತಾನೆ. ಪೆನ್ಸಿಲ್ ತೂರದ ತೂತು ಜೀವ ತೆಗೆಯುವ ಬಗೆ ಇದು.

ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಟಬ್ಬಿನಲ್ಲಿ ನೀರು ತುಂಬಿ, ಅಂಚಿರುವ ಸ್ಟೀಲ್ ತಟ್ಟೆ ತೇಲಿಸಿ. ನಡುವೆ ಒಂದೊಂದೇ ಗೋಲಿ ಗಾತ್ರದ ಕಲ್ಲಿಡುತ್ತ ಎಷ್ಟಕ್ಕೆ ಮುಳುಗಿತೆಂದು ಬರೆದುಕೊಳ್ಳಿ. ಮತ್ತೆ ಅವೇ ಕಲ್ಲುಗಳನ್ನು ಅಂಚಿನಲ್ಲಿಡಿ. ಮೂರನೆಯ ಸಲ ತಟ್ಟೆಗೆ ಎರಡು ಚಮಚ ನೀರು ಹಾಕಿ ಆರಂಭಿಸಿ. ಮೂರು ಸಂಖ್ಯೆಗಳನ್ನು ಹೋಲಿಸಿದರೆ ಪಾಠ ತಾನೇ ತಿಳಿಯುತ್ತದೆ.

ಹೊಳೆಯ ಸ್ವಭಾವ

ಎಷ್ಟೇ ಚೆನ್ನಾಗಿ ಸಿದ್ಧಮಾಡಿದರೂ ಹರಿಗೋಲು ನಿಂತ ನೀರಿನ, ಮೆಲ್ಲನೆ ಹರಿವ ನೀರಿನ ವಾಹನ. ಘಟಪ್ರಭೆ ಯಾವಾಗಲೂ ಹಾಗಿರುವುದಿಲ್ಲ. ಹಿಡಕಲ್ಲಿನಿಂದ ಧೂಪದಾಳದ ಒಡ್ಡು ದಾಟಿ, ಗೋಕಾಕ ಜಲಪಾತದಲ್ಲಿ 52 ಮೀಟರ್ ಧುಮುಕಿ, ಊರಿನ ಬಳಿ ಮಾರ್ಕಂಡೇಯ ನದಿಯನ್ನು ಕೂಡಿಕೊಂಡು ಮೂಡಲಗಿ ಸೀಮೆಗೆ ಹರಿಯುವ ಹೊಳೆ ಇದು. 2019ರ ಆಗಸ್ಟ್‌ನಲ್ಲಿ ಗೋಕಾಕದ ಲೋಳಸೂರ ಸೇತುವೆಯನ್ನೇ ಅದು ಮುಳುಗಿಸಿತು. 2020ರ ಆಗಸ್ಟ್‌ನಲ್ಲಿ ರಾಯಚೂರು ಜಿಲ್ಲೆಯ ಕೃಷ್ಣಾ ನದಿಯಲ್ಲಿ ಹರಿಗೋಲು ಮಗುಚಿ ಜೀವಹಾನಿಯಾಯಿತು. ಸೇತುವೆ ಮುಳುಗಿದ ದಿನ ಶಾಲೆ ತಪ್ಪಿದರೆ ಒಂದು ದಿನದ ಪಾಠ ತಪ್ಪೀತು, ಅಷ್ಟೆ. ಕೆಂಪು ನೀರು ಬಂದಾಗ ಮಕ್ಕಳನ್ನು ಹರಿಗೋಲಿಗೆ ಹತ್ತಿಸುವ ಧೈರ್ಯವನ್ನು ಯಾವ ಪಾಲಕರೂ ಮಾಡಬಾರದು.

ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನವರಿಗೆ ದೋಣಿ ನಡೆಸುವುದೇ ಕಾಯಕವಾಗಿತ್ತು. ಕಾಯಕದಲ್ಲಿ ಹುಟ್ಟು ಹಾಕುವುದೂ ಸೇರಿದೆ, ತೇಪೆ ಹಾಕುವುದೂ ಸೇರಿದೆ. ಮುಂಗಾರು ಕಾಲಿಡುವ ಮುನ್ನ ಹೊಳೆದಂಡೆಯ ಮನೆಗಳಲ್ಲಿ ಒಂದು ಭಾನುವಾರವನ್ನು ಇದಕ್ಕೆ ಮೀಸಲಿಡಬಹುದು. ಬೆಳಕಿಗೆ ಹಿಡಿದು ತೂತು ಎಣಿಸುವುದು, ಹಗ್ಗ ಜಗ್ಗುವುದು, ಬಿಳಿ ಗೆರೆ ಎಳೆಯುವುದು ಮಕ್ಕಳಿಂದಲೂ ಆಗುವ ಕೆಲಸ. ಡಾಂಬರು ಕಾಯಿಸುವುದನ್ನು ಮಾತ್ರ ದೊಡ್ಡವರಿಗೆ ಬಿಡಬೇಕು.