ನೊಂದ ಮನಸ್ಸಿನ ಚೊಚ್ಚಲ ಹಾಡು

ಪ್ರೇಮದಲ್ಲಿ ಸೋತವರ ಹಾಡುಗಳನ್ನು ನಾವು ಬಹಳ ಕೇಳಿದ್ದೇವೆ. ಮುಚ್ಚಿದ ಬಾಗಿಲುಗಳೆದುರು ನೊಂದ ಮನಸ್ಸೂ ಹಾಡುತ್ತದೆ.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಭರತನಾಟ್ಯ ಕಲಿತವರು. ಸಹಪಾಠಿಯೊಬ್ಬ ಅದನ್ನು ಹಂಗಿಸಿದಾಗ ಹಟತೊಟ್ಟು ಗಿಟಾರ್ ಕಲಿತರು. ಮುಂದೆ ಸ್ವಂತ ರಚನೆಗಳನ್ನು ಹೊತ್ತು ಮುಂಬಯಿಯ ಧ್ವನಿಮುದ್ರಣ ಕಂಪೆನಿಗಳ ಮೆಟ್ಟಿಲು ಹತ್ತಿದರೆ, ದೊರೆತದ್ದು ನಿರಾಕರಣೆ. ಪವಾಡವೊಂದಕ್ಕಾಗಿ ಆ ಮಹಾನಗರದಲ್ಲಿ ಕಾದು ಕುಳಿತವನ ಅಳಲನ್ನೇ ಅವರು ಹಾಡಾಗಿಸಿದರು. ಕಡೆಗೆ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಕೈಹಿಡಿದರು. 2008ರಲ್ಲಿ ಅವರ ಚೊಚ್ಚಲ ಧ್ವನಿಸಂಪುಟ ‘ಅಂತರಾಗ್ನಿ’ ಹೊರಬಂದಿತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಅದರಲ್ಲಿ ಶಿಶುನಾಳ ಶರೀಫರ ಕನ್ನಡ ತತ್ತ್ವಪದಗಳೂ ಇದ್ದವು.

ಮನೂರಿನ ನಮ್ಮ ಮಕ್ಕಳು ತೆಲುಗು, ಹಿಂದಿ, ಇಂಗ್ಲಿಷ್ ಎಲ್ಲವನ್ನೂ ಕಲಿಯಲಿ. ನೊಂದ ದಿನ ಹಾಡಿಕೊಳ್ಳಲು ತಾಯ್ನುಡಿಯ ಒಂದು ಪದವನ್ನಾದರೂ ನಾವು ಮನೆಯಲ್ಲಿ ಕಲಿಸಿಡೋಣ.