ಗಡುವಿಲ್ಲದ ಕೆಲಸಗಳಿಗೊಂದು ಕಿರ್ದಿ

ಜನವರಿ 31ರೊಳಗೆ ಸೆಲ್ಫ್ ಅಸೆಸ್‌ಮೆಂಟ್ ಸಲ್ಲಿಸದಿದ್ದರೆ ಎಚ್‌ಎಂಆರ್‌ಸಿಯಿಂದ 100 ಪೌಂಡ್ ದಂಡ. ಏಪ್ರಿಲ್ 5 ದಾಟಿದರೆ ಆ ವರ್ಷದ 20,000 ಪೌಂಡಿನ ಐಸಾ ಮಿತಿ ಕೈಬಿಟ್ಟಂತೆ. ಹಾಗಾಗಿ ಈ ಎರಡೂ ಕೆಲಸಗಳು ಕೊನೆಯ ವಾರದಲ್ಲಾದರೂ ಆಗಿಬಿಡುತ್ತವೆ. ಆದರೆ ಊರಿನಲ್ಲಿರುವ ಅಪ್ಪನ ಎಫ್‌ಡಿಗೆ ನಾಮಿನಿ ಸೇರಿಸಲು ಗಡುವು ಯಾವುದು? ಉಯಿಲು ಬರೆಯಲು? ನೌಕರಿ ಬದಲಿಸಿದಾಗಲೆಲ್ಲ ಹಿಂದೆ ಬಿಟ್ಟುಬಂದ ಪಿಂಚಣಿ ಖಾತೆಗಳನ್ನು ಹುಡುಕಲು? ಇವಕ್ಕೆ ಯಾರೂ ದಂಡ ಹಾಕುವುದಿಲ್ಲ, ನೆನಪಿನ ಪತ್ರವನ್ನೂ ಕಳಿಸುವುದಿಲ್ಲ. ಅದಕ್ಕೇ ಅವು ವರ್ಷಗಟ್ಟಲೆ ಹಾಗೇ ಉಳಿಯುತ್ತವೆ.

ಇಲ್ಲಿ ನಾನು ಸಾಮಾನ್ಯವಾಗಿ ಫಂಡು, ಬಡ್ಡಿದರ, ತೆರಿಗೆಯ ಬಗ್ಗೆ ಬರೆಯುತ್ತೇನೆ. ಈ ಸಲ ಒಂದು ನೋಟ್‌ಬುಕ್ಕಿನ ಬಗ್ಗೆ. ಕೆಲವು ತಿಂಗಳಿಂದ ನಾನು ಬುಲೆಟ್ ಜರ್ನಲ್ ಇಟ್ಟುಕೊಂಡಿದ್ದೇನೆ. ನಮ್ಮಂತೆ ಎರಡು ದೇಶಗಳಲ್ಲಿ ಹಣ, ಮನೆ, ಹಿರಿಯರು ಇರುವವರಿಗೆ ಇದು ಯಾವ ಆ್ಯಪ್‌ಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಏನಿದು?

ನ್ಯೂಯಾರ್ಕಿನ ಡಿಸೈನರ್ ರೈಡರ್ ಕ್ಯಾರಲ್ 2013ರಲ್ಲಿ ಈ ಪದ್ಧತಿಯನ್ನು ಎಲ್ಲರಿಗೂ ತೆರೆದಿಟ್ಟರು. 2018ರಲ್ಲಿ ಪುಸ್ತಕವನ್ನೂ ಬರೆದರು. ಚಿಕ್ಕಂದಿನಿಂದ ಗಮನ ನಿಲ್ಲಿಸಲಾಗದ ತೊಂದರೆ ಇದ್ದ ಅವರು ಇದನ್ನು ತಮ್ಮ ಅನುಕೂಲಕ್ಕೆಂದು ರೂಪಿಸಿಕೊಂಡದ್ದು. ಮೊದಲ ಪುಟಗಳಲ್ಲಿ ಪರಿವಿಡಿ. ಆಮೇಲೆ ಮುಂದಿನ ತಿಂಗಳುಗಳ ಪಟ್ಟಿ, ಈ ತಿಂಗಳ ಪಟ್ಟಿ, ದಿನದ ಪುಟ. ಕೆಲಸಕ್ಕೆ ಒಂದು ಚುಕ್ಕೆ, ಟಿಪ್ಪಣಿಗೆ ಸಣ್ಣ ಗೆರೆ, ಕಾರ್ಯಕ್ರಮಕ್ಕೆ ಸೊನ್ನೆ. ಕೆಲಸ ಮುಗಿದರೆ ಚುಕ್ಕೆಯ ಮೇಲೆ ಗುಣಿಸು ಗುರುತು. ತಿಂಗಳ ಕೊನೆಗೆ ಮುಗಿಯದೆ ಉಳಿದದ್ದನ್ನು ಒಂದೊಂದಾಗಿ ನೋಡಿ, ಬೇಡವಾದದ್ದನ್ನು ಹೊಡೆದುಹಾಕಿ, ಬೇಕಾದದ್ದನ್ನು ಮುಂದಿನ ತಿಂಗಳಿಗೆ ಕೈಯಾರೆ ಮತ್ತೆ ಬರೆಯಬೇಕು.

ಬಣ್ಣದ ಪೆನ್ನು, ಹೂಬಳ್ಳಿಯ ಅಂಚು, ಸ್ಟಿಕ್ಕರು ಎಲ್ಲ ಇನ್‌ಸ್ಟಾಗ್ರಾಮ್‌ನಲ್ಲಿ ಸೇರಿಕೊಂಡ ಅಲಂಕಾರ. ಅವು ಬೇಕಿಲ್ಲ. ಎರಡು ಪೌಂಡಿನ ನೋಟ್‌ಬುಕ್ ಸಾಕು.

ನಮ್ಮವರಿಗೆ ಹೊಸದೇನಲ್ಲ

ಅಂಗಡಿ ಲೆಕ್ಕ ನೋಡಿದವರಿಗೆ ಇದರ ಗುರುತು ತಕ್ಷಣ ಸಿಗುತ್ತದೆ. ದಿನದ ಪುಟ ಎಂದರೆ ಕಿರ್ದಿ. ವಿಷಯವಾರು ಪುಟ ಎಂದರೆ ಖಾತೆ. ಮುಂದಿನ ತಿಂಗಳಿಗೆ ಹೋಗುವುದು ಶಿಲ್ಕು. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲೂಕಾ ಪಾಚೋಲಿಯ ಗಣಿತ ಗ್ರಂಥವೂ ವ್ಯಾಪಾರಿಗೆ ಹೇಳಿದ್ದು ಇದನ್ನೇ: ಮೊದಲು ಕಚ್ಚಾ ಟಿಪ್ಪಣಿ, ಆಮೇಲೆ ಜರ್ನಲ್, ಆಮೇಲೆ ಲೆಡ್ಜರ್. ‘ಜರ್ನಲ್’ ಎಂಬ ಪದ ಹುಟ್ಟಿದ್ದೇ ದಿನ ಎಂಬ ಅರ್ಥದಿಂದ.

ನಮ್ಮಲ್ಲಿ ಇದಕ್ಕೆ ಕಡತವಿತ್ತು. ಬಟ್ಟೆಗೆ ಹುಣಸೆ ಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು; ಶೃಂಗೇರಿ ಮಠದ ಕಡತಗಳು ಹೆಸರುವಾಸಿ. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಇಂದು ಕಚೇರಿಯ ಫೈಲಿಗೆ ನಾವು ಹೇಳುವ ‘ಕಡತ’ ಅಲ್ಲಿಂದಲೇ ಬಂದದ್ದು. ಉತ್ತರ ಕರ್ನಾಟಕದ ವ್ಯಾಪಾರಸ್ಥರು ದೀಪಾವಳಿಗೆ ಇಂದಿಗೂ ಲೆಕ್ಕದ ಪುಸ್ತಕ ಪೂಜಿಸುತ್ತಾರೆ. ವ್ಯಾಪಾರಕ್ಕೆ ಇಷ್ಟು ಮರ್ಯಾದೆ ಕೊಡುವ ನಾವು ಮನೆಯ ಕೆಲಸಗಳಿಗೆ ಮಾತ್ರ ವಾಟ್ಸಾಪ್ ಮೆಸೇಜಿಗೆ ಸ್ಟಾರ್ ಒತ್ತಿ ಸುಮ್ಮನಾಗುತ್ತೇವೆ.

ಫೋನ್ ಇರುವಾಗ ಕಾಗದ ಯಾಕೆ?

ಇದು ಎಲ್ಲರೂ ಕೇಳುವ ಪ್ರಶ್ನೆ, ನ್ಯಾಯವಾದದ್ದೇ. ತಾರೀಕು ಗೊತ್ತಿರುವ ಕೆಲಸಕ್ಕೆ ಫೋನಿನ ಕ್ಯಾಲೆಂಡರೇ ಸರಿ. ನನ್ನ ಮೀಟಿಂಗುಗಳೆಲ್ಲ ಔಟ್‌ಲುಕ್‌ನಲ್ಲೇ ಇವೆ. ತೊಂದರೆ ಇರುವುದು ತಾರೀಕಿಲ್ಲದ ಕೆಲಸಗಳಲ್ಲಿ. ಅವನ್ನು ಆ್ಯಪ್‌ಗೆ ಹಾಕಿದರೆ ಪಟ್ಟಿಯ ತಳಕ್ಕೆ ಹೋಗಿ ಕೂರುತ್ತವೆ. ಮುಂದೂಡಲು ಬೆರಳಿನ ಒಂದು ಒತ್ತು ಸಾಕು, ಖರ್ಚೇನಿಲ್ಲ. ಖರ್ಚಿಲ್ಲದ್ದನ್ನು ಮನುಷ್ಯ ಎಷ್ಟು ಸಲವಾದರೂ ಮಾಡುತ್ತಾನೆ.

ಕಾಗದದಲ್ಲಿ ಮುಂದೂಡಬೇಕಾದರೆ ಮತ್ತೆ ಬರೆಯಬೇಕು. ‘ಅಮ್ಮನ ಖಾತೆಗೆ ನಾಮಿನಿ’ ಎಂದು ಮೂರನೇ ತಿಂಗಳೂ ಬರೆಯುವಾಗ ಕೈಗೆ ಬೇಸರ, ಮನಸ್ಸಿಗೆ ಕಸಿವಿಸಿ. ಆ ಕಸಿವಿಸಿಯೇ ಈ ಪದ್ಧತಿಯ ಲಾಭ.

ಹಣಕಾಸಿನಲ್ಲಿ ಮುಂದೆ ಒಯ್ಯುವುದಕ್ಕೆ ಯಾವಾಗಲೂ ನಿಯಮವಿರುತ್ತದೆ. ಐಸಾ ಮಿತಿ ಮುಂದಿನ ವರ್ಷಕ್ಕೆ ಹೋಗುವುದೇ ಇಲ್ಲ. ಇಲ್ಲಿನ ಪಿಂಚಣಿಯ ಬಳಸದ ವಾರ್ಷಿಕ ಮಿತಿಯಾದರೆ ಹಿಂದಿನ ಮೂರು ವರ್ಷದ್ದು ಮಾತ್ರ ಸಿಗುತ್ತದೆ. ನಾನು ಕೆಲಸಗಳಿಗೂ ಅದೇ ಮೂರರ ನಿಯಮ ಇಟ್ಟಿದ್ದೇನೆ. ಮೂರು ಸಲ ಮುಂದೆ ಹೋದ ಕೆಲಸವನ್ನು ನಾಲ್ಕನೇ ಸಲ ಬರೆಯುವುದಿಲ್ಲ. ಆ ವಾರವೇ ಮಾಡಬೇಕು, ಇಲ್ಲವೇ ಬೇರೆಯವರಿಗೆ ವಹಿಸಬೇಕು, ಇಲ್ಲವೇ ಆಗದ ಸಾಲದಂತೆ ಮನಃಪೂರ್ವಕ ಹೊಡೆದುಹಾಕಬೇಕು.

ನಮ್ಮ ಪುಸ್ತಕದಲ್ಲಿ ಏನಿರಬೇಕು?

ಎಲ್ಲರಿಗೂ ಒಂದೇ ಪಟ್ಟಿ ಹೊಂದುವುದಿಲ್ಲ. ಆದರೆ ಯುಕೆಯಲ್ಲಿರುವ ಕನ್ನಡಿಗರಿಗೆ ಈ ನಾಲ್ಕು ಪುಟಗಳಂತೂ ಬೇಕು.

ಒಂದು, ಎರಡು ವರ್ಷಗಳ ಪುಟ. ಭಾರತದ ಲೆಕ್ಕ ಏಪ್ರಿಲ್ 1ರಿಂದ ಮಾರ್ಚ್ 31, ಇಲ್ಲಿಯದು ಏಪ್ರಿಲ್ 6ರಿಂದ ಏಪ್ರಿಲ್ 5. ಎನ್‌ಆರ್‌ಇ ಬಡ್ಡಿಗೆ ಅಲ್ಲಿ ತೆರಿಗೆ ಇಲ್ಲ, ಇಲ್ಲಿ ಅದು ತೆರಿಗೆಗೆ ಒಳಪಡುವ ಆದಾಯ. 2025ರ ಏಪ್ರಿಲ್ 6ರಿಂದ ಹಳೆಯ ನಾನ್-ಡಾಮ್ ವ್ಯವಸ್ಥೆಯೂ ಹೋಗಿದೆ. ಅರ್ಹ ಹೊಸಬರಿಗೆ ಮೊದಲ ನಾಲ್ಕು ವರ್ಷ ಮಾತ್ರ ವಿನಾಯಿತಿ. ಊರಿನ ಬ್ಯಾಂಕ್ ಕೊಡುವ ಬಡ್ಡಿ ಪ್ರಮಾಣಪತ್ರ ಇಲ್ಲಿನ ವರ್ಷಕ್ಕೆ ಹೊಂದುವುದಿಲ್ಲ, ಹಾಗಾಗಿ ಏಪ್ರಿಲ್‌ನಲ್ಲೇ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಬೆಂಗಳೂರಿನ ಫ್ಲಾಟಿನ ಬಾಡಿಗೆ ತೋರಿಸುತ್ತಿದ್ದರೆ ಆ ದಾಖಲೆಗಳನ್ನು ಜನವರಿ 31ರ ಗಡುವಿನ ನಂತರ 5 ವರ್ಷ ಇಟ್ಟುಕೊಳ್ಳಬೇಕು.

ಎರಡು, ಹಿರಿಯರ ಪುಟ. ನಮ್ಮ ಬಳಗದ ಒಬ್ಬರು ತಂದೆ ತೀರಿಕೊಂಡ ಮೇಲೆ ಎರಡು ವಾರದ ರಜೆಯನ್ನೆಲ್ಲ ಬೀರು ಹುಡುಕುತ್ತ, ಬ್ಯಾಂಕ್ ಸುತ್ತುತ್ತ ಕಳೆದರು. ಯಾವ ಊರಿನ ಯಾವ ಶಾಖೆಯಲ್ಲಿ ಏನಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಭಾರತದಲ್ಲಿ 10 ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. 2023ರಲ್ಲಿ ಶುರುವಾದ ಉದ್ಗಮ್ ಪೋರ್ಟಲ್‌ನಲ್ಲಿ ಅದನ್ನು ಹುಡುಕಬಹುದು, ವಾರಸುದಾರರು ವಾಪಸ್ಸೂ ಕೇಳಬಹುದು. ಆದರೆ ಅಪ್ಪ ಅಮ್ಮ ಇರುವಾಗಲೇ ಒಂದು ಫೋನ್ ಕರೆಯಲ್ಲಿ ಕೇಳಿ ಬರೆದುಕೊಳ್ಳುವುದು ಎಷ್ಟೋ ಸುಲಭ.

ಮೂರು, ಹಳೆಯ ಪಿಂಚಣಿಗಳ ಪುಟ. 2012ರಲ್ಲಿ ಆಟೋ ಎನ್‌ರೋಲ್‌ಮೆಂಟ್ ಶುರುವಾದ ಮೇಲೆ ನೌಕರಿ ಬದಲಿಸಿದಾಗಲೆಲ್ಲ ಒಂದು ಖಾತೆ ಹಿಂದೆ ಉಳಿಯುತ್ತದೆ. ಕಂಪನಿಯ ಹೆಸರು ನೆನಪಿದ್ದರೆ ಸಾಕು, ಸರ್ಕಾರದ ಉಚಿತ ಪೆನ್ಷನ್ ಟ್ರೇಸಿಂಗ್ ಸರ್ವಿಸ್ ಸಂಪರ್ಕ ವಿಳಾಸ ಹುಡುಕಿಕೊಡುತ್ತದೆ.

ನಾಲ್ಕು, ‘ಎಲ್ಲಿ ಏನಿದೆ’ ಪುಟ. ಪಾಸ್‌ವರ್ಡ್, ಪೂರ್ತಿ ಖಾತೆ ಸಂಖ್ಯೆ ಖಂಡಿತ ಬೇಡ. ಟ್ಯೂಬಿನಲ್ಲಿ ಪುಸ್ತಕ ಕಳೆದುಹೋದರೂ ನಿದ್ದೆ ಕೆಡಬಾರದು. ಯಾವ ಸಂಸ್ಥೆ, ಕಾಗದ ಯಾವ ಫೈಲಿನಲ್ಲಿ ಎಂದಷ್ಟೇ ಇರಲಿ. ನಾನು ಉಳಿದದ್ದನ್ನು ಕನ್ನಡದಲ್ಲೇ ಬರೆಯುತ್ತೇನೆ. ಈ ಒಂದು ಪುಟ ಮಾತ್ರ ಇಂಗ್ಲಿಷಿನಲ್ಲಿದೆ, ಇಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಬಹಳ ಜನಕ್ಕೆ ಕನ್ನಡ ಮಾತು ಬರುತ್ತದೆಯೇ ಹೊರತು ಅಕ್ಷರ ಬರುವುದಿಲ್ಲ.

ಎಷ್ಟು ಹೊತ್ತು ಬೇಕು?

ಗ್ರೀನ್‌ಫರ್ಡ್‌ನಲ್ಲಿ ಸೆಂಟ್ರಲ್ ಲೈನ್ ಹತ್ತಿ ಕುಳಿತರೆ ರೈಲು ಸುರಂಗಕ್ಕೆ ಇಳಿಯುವುದರೊಳಗೆ ದಿನದ ಪುಟ ಮುಗಿದಿರುತ್ತದೆ. ತಿಂಗಳ ಕೊನೆಯ ಶಿಲ್ಕಿಗೆ ಭಾನುವಾರ ಅರ್ಧ ಗಂಟೆ. ದಿನಕ್ಕೆ ಎಷ್ಟು ಲೋಟ ನೀರು ಕುಡಿದೆ, ಎಷ್ಟು ಹೆಜ್ಜೆ ನಡೆದೆ ಎಂಬ ಪಟ್ಟಿಗಳನ್ನು ನಾನು ಇಟ್ಟಿಲ್ಲ. ಪುಸ್ತಕವೇ ಇನ್ನೊಂದು ನೌಕರಿಯಾದರೆ ಎರಡನೇ ತಿಂಗಳಿಗೆ ಮೂಲೆ ಸೇರುತ್ತದೆ.

ಶುರುಮಾಡಲು ಜನವರಿ 1, ಯುಗಾದಿ ಎಂದು ಕಾಯಬೇಡಿ. ಈ ಭಾನುವಾರ ಒಂದು ಪುಟದಲ್ಲಿ ನಿಮ್ಮ ಗಡುವಿಲ್ಲದ ಕೆಲಸಗಳನ್ನೆಲ್ಲ ಬರೆಯಿರಿ. ಊರಿಗೆ ಹೇಗೂ ಅಂದು ಫೋನ್ ಮಾಡುತ್ತೀರಿ. ಊಟ ಆಯ್ತಾ, ಮಳೆ ಬಂತಾ ಎಂದು ಕೇಳಿದ ಮೇಲೆ, ಪೆನ್ನು ಕೈಯಲ್ಲಿ ಹಿಡಿದು, ನಾಮಿನಿ ಯಾರು ಅಂತಲೂ ಕೇಳಿ.